ಅತ್ತೆ ಕಾಯ್ದ ಗೇಟು

ಅತ್ತೆಯ ಚಪ್ಪಲಿಗಳಲ್ಲಿ ಎಡಗಾಲಿನದು ಮಾತ್ರ ತುದಿಯಲ್ಲಿ ಸವೆದು ಕಾಗದದಷ್ಟು ತೆಳ್ಳಗಾಗುತ್ತಿತ್ತು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ದಿನಾ ನಡೆಯದಿದ್ದರೆ ಕಾಲು ಪೂರ್ತಿ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಎಪ್ಪತ್ತರ ದಶಕದ ನಮ್ಮ ಬಸವೇಶ್ವರನಗರದ ರಸ್ತೆ ಎಂದರೆ ಬರೀ ಜಲ್ಲಿ, ಹಳ್ಳ. ಹಾಗಾಗಿ ಮನೆ ಎದುರಿನ ಖಾಲಿ ಜಾಗ ಪಾರ್ಕಾಗುತ್ತದಂತೆ ಎಂದು ತಿಳಿದ ದಿನವೇ ಅತ್ತೆ ಹೊಸ ಚಪ್ಪಲಿ ತರಿಸಿಕೊಂಡರು.

ಬಡಾವಣೆ ಸಂಘದ ಸಭೆ ಅಧ್ಯಕ್ಷರ ಮನೆ ವರಾಂಡದಲ್ಲಿ. ಹೆಂಗಸರೆಂದರೆ ಅತ್ತೆ, ನಾನು ಇಬ್ಬರೇ. ರಿಟೈರಾದ ಅಧಿಕಾರಿಯಾಗಿದ್ದ ಅಧ್ಯಕ್ಷರು ನೀಟಾಗಿ ನಕ್ಷೆ ಬಿಡಿಸಿದ್ದರು. ನಡುವೆ ಹೂವಿನ ವೃತ್ತ, ಮೂಲೆಯಲ್ಲಿ ಜಾರುಬಂಡೆ. ಕಾಮಾಕ್ಷಿಪಾಳ್ಯದ ಕಡೆಯಿಂದ ಮೇಯಲು ಬರುವ ಹಸುಗಳು ನುಗ್ಗದಂತೆ, ಗೇಟಿನ ಬದಲು ಕಬ್ಬಿಣದ ಪೈಪು ನೆಟ್ಟು ಅಂಕುಡೊಂಕಾಗಿ ನುಸುಳುವ ಇಕ್ಕಟ್ಟು ದಾರಿ. ಎಲ್ಲರೂ ತಲೆದೂಗಿದರು. ನಾನೂ.

"ಇದರಲ್ಲಿ ನಾನು ಒಳಗೆ ಹೋಗೋದು ಹೇಗೆ?" ಎಂದರು ಅತ್ತೆ.

"ನಿಮಗೇನಮ್ಮ, ಮನೆ ಮುಂದೇನೇ ಪಾರ್ಕು. ಜಗಲಿ ಮೇಲೆ ಕೂತು ನೋಡಬಹುದಲ್ಲ," ಎಂದು ಅಧ್ಯಕ್ಷರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತೋ ಏನೋ, ಅತ್ತೆ ರಾತ್ರಿ ಮಜ್ಜಿಗೆ ಅನ್ನವನ್ನೂ ಬಿಟ್ಟರು.

ಪೈಪು ನೆಡಬೇಕಾದ ಕಡೆ ಇಟ್ಟಿಗೆ ಇಟ್ಟು ಗುರುತು ಮಾಡಿದ್ದರು. ಭಾನುವಾರ ಸಂಜೆ ಅತ್ತೆ ರಂಗೋಲಿ ಡಬ್ಬಿ ಹಿಡಿದು ನನ್ನನ್ನೂ ಕರೆದುಕೊಂಡು ಅಲ್ಲಿಗೆ ನಡೆದರು. ನೀರು ಚಿಮುಕಿಸಿ, ಇಟ್ಟಿಗೆಯಿಂದ ಇಟ್ಟಿಗೆಗೆ ಗೆರೆ ಎಳೆಯಬೇಕಾಗಿತ್ತು. ಸ್ಕೇಲಿಲ್ಲದೆ ನನಗೆ ಗೆರೆ ನೆಟ್ಟಗೆ ಬರದು.

"ನಿಮ್ಮ ಕಾನ್ವೆಂಟಲ್ಲಿ ಸಿಸ್ಟರ್‌ಗಳು ಇದೊಂದು ಕಲಿಸಲಿಲ್ವೇನೇ?" ಎಂದು ಛೇಡಿಸುತ್ತಾ, ಒಂದು ಕೈಯಲ್ಲಿ ಕೋಲೂರಿ, ಬಗ್ಗಿ, ಪೂರ್ತಿ ದಾರಿಯನ್ನು ತಾವೇ ಬಿಡಿಸಿದರು.

ಆಮೇಲೆ ಸಂಘದವರನ್ನು ಕರೆಸಿ, ಗೆರೆ ತುಳಿಯದ ಹಾಗೆ ಒಳಗೆ ಬನ್ನಿ ಎಂದರು. ಹುಡುಗರು ಸರಸರ ನುಸುಳಿದರು. ಪಕ್ಕದ ಮನೆಯ ತುಂಬು ಬಸುರಿ ಒಂದು ತಿರುವು ದಾಟಿ ನಿಂತುಬಿಟ್ಟಳು. ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದ ಅಧ್ಯಕ್ಷರು ನಡುವೆ ಸಿಕ್ಕಿಕೊಂಡರು. ರಂಗೋಲಿ ತುಳಿಯಲು ಯಾರಿಗೆ ಕಾಲು ಬರುತ್ತದೆ? ಆ ಬಿಳಿ ಗೆರೆ ಪೈಪಿನಷ್ಟೇ ಗಟ್ಟಿಯಾಗಿ ನಿಂತಿತ್ತು.

"ಸರಿ ಅಮ್ಮಾ, ಒಪ್ಪಿದೆ. ಆದರೆ ಗೇಟಿಟ್ಟರೆ ಯಾರಾದರೂ ತೆರೆದು ಹೋಗ್ತಾರೆ, ಹಸು ಬರುತ್ತೆ. ಆಗ?" ಎಂದರು ಅಧ್ಯಕ್ಷರು.

"ಗೇಟು ಹಾಕೋಕೆ ನಾನಿರ್ತೀನಿ. ಹಸುಗೆ ಹೆದರಿ ಮನುಷ್ಯರನ್ನ ಆಚೆ ನಿಲ್ಲಿಸಬೇಡಿ."

ಅಗಲವಾದ ಗೇಟು ಬಂತು. ಕಾಲು ಎತ್ತಿ ದಾಟಬೇಕಾದ ಮೆಟ್ಟಿಲಿಲ್ಲ. ಚಿಲಕ ಮಕ್ಕಳಿಗೂ ಎಟುಕುವಷ್ಟು ಕೆಳಗೆ. ಬೆಂಚು ಎಲ್ಲಿರಬೇಕೆಂದು ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೇ: "ಮಕ್ಕಳು ಕಾಣಬೇಕು, ಚೆಂಡು ತಾಕಬಾರದು." ಒಂದು ಬೆಂಚು ಗೇಟಿನ ಪಕ್ಕ. ಕೊಟ್ಟ ಮಾತಿನಂತೆ ಸಂಜೆ ಒಂದು ಸುತ್ತು ನಡೆದು ಅಲ್ಲೇ ಕೂರುತ್ತಿದ್ದರು. ಜ್ವರವಿದ್ದರೂ ಶಾಲು ಹೊದ್ದು ಹೋಗುತ್ತಿದ್ದರು. ಕೆಂದು ಹಸುವೊಂದು ಬಂದು ಮೂತಿ ಚಾಚಿದರೆ, "ನೀನು ಆಚೆ ಮೇಯಿ ಕಣೇ, ಇಲ್ಲಿ ಹೂವಿದೆ," ಎಂದು ಕೋಲಿನಿಂದ ಚಿಲಕ ಹಾಕುತ್ತಿದ್ದರು. ಒಳಗೆ ಗೋಲಿ, ಹರಟೆ, ಕಾಲೇಜು ಹುಡುಗಿಯರ ಪಿಸುಮಾತು. ಎಲ್ಲರೂ ಅವರ ಕಣ್ಣಳತೆಯಲ್ಲಿ.

ಕೆಲವು ವರ್ಷಗಳ ಮೇಲೆ ಅತ್ತೆ ಒಂದು ಮಧ್ಯಾಹ್ನ ಮಲಗಿದಲ್ಲೇ ಹೋದರು. ಕಾರ್ಯವೆಲ್ಲ ಮುಗಿದ ಮರುದಿನ ಸಂಜೆ, ಮನೆಯಲ್ಲಿ ಕೂರಲಾಗದೆ ನಾನು ಆ ಬೆಂಚಿಗೆ ಹೋದೆ. ಅಧ್ಯಕ್ಷರು ಬಂದರು. ಅಷ್ಟು ಹೊತ್ತಿಗೆ ಅವರ ಕೈಗೂ ಕೋಲು ಬಂದಿತ್ತು. ಗೇಟು ದಾಟುತ್ತಾ ಬೆಂಚನ್ನು, ನನ್ನನ್ನು ನೋಡಿ ಕೋಲೂರಿ ನಿಂತರು.

"ನೀವು ಬಂದ್ರಾ? ಒಳ್ಳೇದಾಯ್ತು. ಗೇಟು ಹಾಕಿಬಿಡಿ ತಾಯಿ, ಆ ಕೆಂದು ಹಸು ಬರ್ತಾ ಇದೆ."

ಎದ್ದು ಹಾಕಿದೆ. ಅಂದಿನಿಂದ ಹಾಕುತ್ತಲೇ ಇದ್ದೇನೆ.