ಬಸ್ ನಿಲ್ದಾಣದ ಕೈಬದಲು

ಮಗಳಿಗೆ ಎರಡು ತುಂಬುವ ಹೊತ್ತಿಗೆ ನಾವು ಗಂಡ ಹೆಂಡತಿ ಅವಳನ್ನು ವಿದ್ಯಾನಗರದ ಬಸ್ ನಿಲ್ದಾಣದಲ್ಲಿ ಕೈಬದಲು ಮಾಡುವುದನ್ನು ಚೆನ್ನಾಗಿ ಕಲಿತುಬಿಟ್ಟಿದ್ದೆವು. ಗಂಡನದು ಧಾರವಾಡದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ನನ್ನದು ಇಲ್ಲೇ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿ. ನಾನು ಬೆಂಗೇರಿಯಿಂದ ಮಗಳನ್ನು ಎತ್ತಿಕೊಂಡು ಬರುತ್ತಿದ್ದೆ, ಅವರು ಧಾರವಾಡದ ಬಸ್ಸಿನಿಂದ ಇಳಿಯುತ್ತಿದ್ದರು. ಮಗಳು, ನೀರಿನ ಬಾಟಲಿ, ಬದಲಿ ಚಡ್ಡಿ ಎಲ್ಲ ಅವರ ಕೈಗೆ ಕೊಟ್ಟು ನಾನು ಓಡುತ್ತಿದ್ದೆ. ಮಗಳು ಟಾಟಾ ಮಾಡುತ್ತಿದ್ದಳು. ರಾತ್ರಿ ನಾನು ಮನೆ ಮುಟ್ಟುವಾಗ ಅವಳಿಗೆ ನಿದ್ದೆ. ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಪ್ಪ ಹೋಗಿರುತ್ತಿದ್ದರು. ವಾರದ ರಜೆಯೂ ಇಬ್ಬರಿಗೂ ಬೇರೆ ಬೇರೆ ದಿನ.

ಬೇರೆ ದಾರಿ ಹುಡುಕಲಿಲ್ಲ ಎಂದುಕೊಳ್ಳಬೇಡಿ. ಅಂಗನವಾಡಿಯಲ್ಲಿ ಮೂರು ತುಂಬಲಿ ಎಂದರು. ತುಂಬಿದರೂ ಅದಕ್ಕೆ ಸಂಜೆಗೇ ಬೀಗ, ನನ್ನ ಪಾಳಿ ಮುಗಿಯುವುದು ರಾತ್ರಿ, ಕಾರ್ಖಾನೆಯಲ್ಲಿ ಅವರಿಗೆ ತಡವಾದ ದಿನ ಕರೆತರುವವರಿಲ್ಲ. ಗೋಡೆ ತುಂಬ ಜಿರಾಫೆ ಬರೆಸಿದ ಡೇ ಕೇರ್ ಒಂದಿತ್ತು. ಅವರು ಕೇಳಿದ ಫೀಸು ಕೊಟ್ಟರೆ ನಾನು ದುಡಿಯುವುದು ಆ ಜಿರಾಫೆಗಳಿಗಾಗಿಯೇ ಆಗುತ್ತಿತ್ತು. "ಮನ್ಯಾಗ ಅಜ್ಜಿ ಇಲ್ಲೇನ್ರಿ?" ಎಂದು ಕಂಡವರೆಲ್ಲ ಕೇಳುತ್ತಿದ್ದರು. ಅಜ್ಜಿ ಸುಳ್ಳ ಎಂಬ ಹಳ್ಳಿಯಲ್ಲಿ ಇನ್ನೂ ಕೂಲಿಗೆ ಹೋಗುತ್ತಾರೆ. ಅಜ್ಜಿಯರೂ ದುಡಿದೇ ಉಣ್ಣಬೇಕು ಎಂಬುದು ಈ ಜನರ ತಲೆಗೇ ಹೋಗುವುದಿಲ್ಲ.

ಒಂದು ದಿನ ಕಾರ್ಖಾನೆಯಲ್ಲಿ ಅವರನ್ನು ಬಿಡಲು ತಡಮಾಡಿದರು. ನಿಲ್ದಾಣದಲ್ಲಿ ಕಾದು ಕಾದು ಸಾಕಾಗಿ, ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದೆ. ಲ್ಯಾಬಿನ ಮೇಲ್ವಿಚಾರಕರು ಬಾಗಿಲಲ್ಲೇ ತಡೆದರು.

"ಇದ ಸಣ್ಣ ಕೂಸುಗಳ ಸಾಲಿ ಏನ್ರಿ? ಹಡಿಯೋಕಿಂತ ಮೊದಲ ವಿಚಾರ ಮಾಡಬೇಕಿತ್ತು."

"ಮಾಡಿದ್ನಿರಿ ಸರ. ಇಲ್ಲೆ ದಿನಾ ಹೆರಿಗಿ ಮಾಡಸ್ತೀರಿ, ಹಡದಾಕಿ ಕೆಲಸಕ್ಕ ಬಂದ್ರ ಕೂಸಿಗೆ ಒಂದ್ ಖೋಲಿ ಇಲ್ಲ. ಅದನ್ನ ಯಾರ್ ವಿಚಾರ ಮಾಡಬೇಕ್ರಿ?"

ಇನ್ನೊಮ್ಮೆ ಹೀಗಾದರೆ ಮನೆಯಲ್ಲೇ ಇದ್ದುಬಿಡಿ ಎಂದರು ಮಹಾಶಯರು. ಅಷ್ಟರಲ್ಲಿ ನಿಲ್ದಾಣದಲ್ಲಿ ನಮ್ಮನ್ನು ಕಾಣದೆ ಗಂಡ ಏದುಸಿರು ಬಿಡುತ್ತ ಬಂದು ಮಗಳನ್ನು ಎತ್ತಿಕೊಂಡರು. ತಪ್ಪಿಲ್ಲದ ಅವರ ಮೇಲೂ ರೇಗಾಡಿದೆ.

ಮುಂದೆ ಒಂದು ಹಬ್ಬಕ್ಕೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಧಾರವಾಡದ ನಾದಿನಿಯ ಮನೆಗೆ ಊಟಕ್ಕೆಂದು ಹೊರಟು ಅದೇ ನಿಲ್ದಾಣಕ್ಕೆ ಬಂದೆವು. ಮಗಳು ನನ್ನ ಸೊಂಟದಿಂದ ಅಪ್ಪನ ಕಡೆಗೆ ಜಿಗಿದಳು. ಬಸ್ಸು ಬಂದಾಗ ನಾನೂ ಅವರ ಹಿಂದೆ ಹತ್ತಿದೆ.

"ಅವ್ವಾ, ನೀ ಬರಬ್ಯಾಡ. ಅಪ್ಪ ಬಂದಾನ, ನೀ ಹೋಗು," ಎಂದು ಮಗಳು ಟಾಟಾ ಮಾಡಿದಳು.

"ಎಷ್ಟ್ ಶಾಣ್ಯಾ ಐತಿ ನೋಡ್ರಿ ಕೂಸು!" ಎಂದು ಸೀಟಿನಲ್ಲಿದ್ದ ಹೆಂಗಸೊಬ್ಬರು ನಕ್ಕರು. ನಮಗೆ ನಗು ಬರಲಿಲ್ಲ. ಮಗು ಹಟ ಮಾಡುತ್ತಿರಲಿಲ್ಲ. ಅವ್ವ ಅಪ್ಪ ಇಬ್ಬರೂ ಒಟ್ಟಿಗೆ ಇರುವಂತಿಲ್ಲ ಎಂದೇ ಅವಳು ತಿಳಿದಿದ್ದಳು. ಅಳುವ ಬದಲು ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕು ಎನಿಸಿತು. ಯಾರನ್ನು ಎಂದು ತಿಳಿಯದೆ ಅವಳ ಪಕ್ಕದಲ್ಲೇ ಕುಳಿತೆ. ಧಾರವಾಡ ಬರುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಯಾವಾಗ ಇಳಿದು ಹೋಗುತ್ತೇನೆ ಎಂದು.