ಏಳನೆಯ ದಿನದ ಅರ್ಜಿ

ಪ್ರೊಬೇಶನ್ ಪಟ್ಟಿಯನ್ನು ಬೋರ್ಡಿಗೆ ಅಂಟಿಸುವ ಮೊದಲು ಚೌಗುಲೆ ಅಕ್ಕಾರು ಅದನ್ನು ಮಡಚಿ ಕೈಯಲ್ಲಿ ಹಿಡಿದು ಕ್ಯಾಂಟೀನು, ಗ್ರಂಥಾಲಯ, ಗಾಡಿ ನಿಲ್ಲಿಸುವ ಜಾಗ ಎಲ್ಲ ಸುತ್ತುತ್ತಿದ್ದರು. ಪಟ್ಟಿಯಲ್ಲಿದ್ದ ಒಬ್ಬೊಬ್ಬರನ್ನೂ ಹುಡುಕಿ, ಬದಿಗೆ ಕರೆದು, ತಾವೇ ಹೇಳಬೇಕು. "ಕೆಟ್ಟ ಸುದ್ದಿ ಗ್ವಾಡಿ ಮ್ಯಾಲ ಓದಬಾರದ್ರಿ ಸರ. ಮನಷಾರ ಬಾಯಿಂದ ಕೇಳಬೇಕು," ಎನ್ನುತ್ತಿದ್ದರು.

ಬೆಳಗಾವಿಯ ನಮ್ಮ ಬಿಬಿಎ ಕಾಲೇಜಿನಲ್ಲಿ ಅವರು ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್. ಅನಗೋಳದ ಜೈನ ಮನೆತನದವರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕೆಂದು ಐದು ಹೊಡೆದ ಕೂಡಲೇ ಎದ್ದುಬಿಡುವರು. ನಿಯಮವೆಲ್ಲ ಬಾಯಿಪಾಠ. ಸಿಜಿಪಿಎ ನಾಲ್ಕಕ್ಕಿಂತ ಇಳಿದರೆ ಪ್ರೊಬೇಶನ್. ಮರು ಸೆಮಿಸ್ಟರಿನಲ್ಲೂ ಏರದಿದ್ದರೆ ಹೆಸರು ತೆಗೆಯುತ್ತಾರೆ. ಏಳು ದಿನದೊಳಗೆ ಕಾರಣ ಬರೆದು, ಮೆಂಟರ್ ಸಹಿ ಮಾಡಿಸಿ ಅರ್ಜಿ ಕೊಟ್ಟರೆ ಮಾತ್ರ ಇನ್ನೊಂದು ಅವಕಾಶ.

ಒಮ್ಮೆ ಮಚ್ಛೆಯ ಕಾರ್ಖಾನೆಯ ಕೆಲಸಗಾರರೊಬ್ಬರು ಕಾಲೇಜಿನ ಪತ್ರ ಹಿಡಿದು, ಜೊತೆಗೆ ಅರ್ಧ ಕಿಲೋ ಕುಂದಾ ತಂದರು. "ನಮ್ಮ ಮಗಾ ಪ್ರೊಬೇಶನ್‌ಕ ಬಂದಾನಂತ್ರಿ. ನಮ್ಮ ಫ್ಯಾಕ್ಟರ್‍ಯಾಗ ದಿನಗೂಲಿಯಿಂದ ಪ್ರೊಬೇಶನ್ ಸಿಗಾಕ ನಾಕ ವರ್ಷ ಬೇಕಾತ್ರಿ ನನಗ!" ಸುತ್ತಲಿದ್ದ ನಾವು ನಗು ತಡೆದುಕೊಂಡೆವು. ಅಕ್ಕಾರು ನಗಲಿಲ್ಲ. ಅವರನ್ನು ಕೂರಿಸಿ ನಿಧಾನವಾಗಿ ಅರ್ಥ ಬಿಡಿಸಿ ಹೇಳಿದರು. ಆ ಮನುಷ್ಯ ಡಬ್ಬಿ ಮುಚ್ಚಲು ಹೋದಾಗ ತಡೆದು, ಒಂದು ತುಣುಕು ಬಾಯಿಗೆ ಹಾಕಿಕೊಂಡರು. "ಇರ್ಲಿ ಬಿಡ್ರಿ. ಆರ ತಿಂಗಳದಾಗ ಕಾಯಂ ಮಾಡೂಣು ಅವನ್ನ." ದಿನಾ ಮಧ್ಯಾಹ್ನ ಆ ಹುಡುಗನನ್ನು ತಮ್ಮ ಟೇಬಲ್ಲಿನ ಪಕ್ಕ ಕೂರಿಸಿಕೊಂಡು ಅಕೌಂಟ್ಸ್ ಓದಿಸಿದರು. ಅವನು ಪಾಸಾದ.

ನಾನು ಆಗ ಹೊಸ ಉಪನ್ಯಾಸಕ. ನಾನು ಮೆಂಟರ್ ಆಗಿದ್ದ ಗುಂಪಿನಲ್ಲಿ ಖಾನಾಪುರದ ವೈಶಾಲಿ ಎಂಬ ಹುಡುಗಿಯಿದ್ದಳು. ಎರಡನೆಯ ಸಲವೂ ಅವಳ ಹೆಸರು ಪಟ್ಟಿಗೆ ಬಂತು. ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಳು.

"ಸರ, ಆಕಿ ಫೋನ್ ಬಂದ್ ಐತಿ. ಖಾನಾಪುರಕ್ಕ ಹೋಗಿ ಬರೂಣೇನ್ರಿ? ತಾಸಿನ ಹಾದಿ," ಎಂದರು ಅಕ್ಕಾರು.

"ಮೇಲ್ ಕಳಿಸೀನ್ರಿ ಅಕ್ಕಾರ. ರೂಲ್ ಎಲ್ಲಾರಿಗೂ ಒಂದ."

ಏಳನೆಯ ದಿನ ಅವರೊಬ್ಬರೇ ಬಸ್ಸು ಹತ್ತಿ ಹೋದರು. ವೈಶಾಲಿಯ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳಿಂದ ಅರ್ಜಿ ಬರೆಸಿಕೊಂಡು ಅಕ್ಕಾರು ನನಗೆ ಎರಡು ಸಲ ಫೋನು ಮಾಡಿದರು. ನಾನು ಬೇಗ ಹೊರಟು ಶಿವಬಸವ ನಗರದಲ್ಲಿ ಬಾಡಿಗೆ ಮನೆ ನೋಡುತ್ತಿದ್ದೆ. ಪರದೆಯ ಮೇಲೆ ಅವರ ಹೆಸರು ಕಂಡೂ ಎತ್ತಲಿಲ್ಲ. ಅವರು ಕಾಲೇಜು ಮುಟ್ಟಿದಾಗ ಹೊತ್ತು ಮುಳುಗಿತ್ತು. ಆ ದಿನ ಅವರು ಊಟ ಮಾಡಲಿಲ್ಲವೆಂದು ಆಮೇಲೆ ಜವಾನ ಹೇಳಿದ. ನನ್ನ ಸಹಿಯ ಜಾಗದಲ್ಲಿ ಅವರು ಬರೆದಿದ್ದರು: "ಮೆಂಟರ್ ಸಿಗಲಿಲ್ಲ. ನಾನೇ ಮನೆಗೆ ಹೋಗಿ ನೋಡಿದ್ದೇನೆ. ಕಾರಣ ನಿಜ."

ಅರ್ಜಿಗಳನ್ನು ನೋಡುವ ಸಮಿತಿಯ ಸಭೆಯಲ್ಲಿ ಪ್ರಾಂಶುಪಾಲರು ನನ್ನನ್ನು ಕೇಳಿದರು. "ಅಕ್ಕಾರು ಹೋಗೂದು ನಿಮಗ ಗೊತ್ತಿತ್ತೇನು? ನಿಮ್ಮ ಒಪ್ಪಿಗಿ ಇತ್ತೇನು?"

ಹೂಂ ಎಂದಿದ್ದರೆ ಅರ್ಜಿ ಉಳಿಯುತ್ತಿತ್ತು. ಆದರೆ ನನ್ನ ನೌಕರಿಯೂ ಆಗ ಪ್ರೊಬೇಶನ್ನಿನಲ್ಲೇ ಇತ್ತು; ಕಾಯಂ ಆಗಲು ಎರಡು ತಿಂಗಳು ಬಾಕಿ. ತಪ್ಪು ನನ್ನ ಮೇಲೆ ಬಂದೀತೆಂದು ಹೆದರಿದೆ.

"ನನಗ ಏನೂ ಹೇಳಿರಲಿಲ್ರಿ ಸರ," ಎಂದೆ.

ಅಕ್ಕಾರು ಎದುರಿಗೇ ಕುಳಿತಿದ್ದರು. ಒಮ್ಮೆ ನನ್ನನ್ನು ನೋಡಿ ಫೈಲು ಮುಚ್ಚಿದರು. ಹುಡುಗಿಯ ಹೆಸರು ಹೋಯಿತು. ಅಧಿಕಾರ ಮೀರಿದರೆಂದು ಅಕ್ಕಾರಿಗೆ ಮೆಮೊ ಬಂತು.

ಅವರು ನನ್ನೊಡನೆ ಮಾತು ಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ. ಮರುದಿನವೂ ಎಂದಿನಂತೆ "ಚಾ ಆತೇನ್ರಿ ಸರ?" ಎಂದು ಕೇಳಿದರು. ಅವರ ನಿವೃತ್ತಿಯ ದಿನ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿ, "ಅಕ್ಕಾರ, ಆವತ್ತ ನಾ..." ಎಂದು ಶುರುಮಾಡಿದೆ. ಮುಗಿಸಲು ಬಿಡಲಿಲ್ಲ.

"ನನಗ್ಯಾಕ ಹೇಳತೀರಿ ಸರ? ಖಾನಾಪುರ ದೂರ ಇಲ್ಲ. ಒಮ್ಮಿ ಹೋಗಿ ಬರ್ರಿ."

ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮನೆಯ ಕೆಲಸ ಎಂದು ವರ್ಷಗಳು ಕಳೆದವು. ಹೋದ ವರ್ಷ ಅಕ್ಕಾರು ತೀರಿಕೊಂಡ ಸುದ್ದಿ ಸ್ಟಾಫ್ ಗ್ರೂಪಿನಲ್ಲಿ ಬಂತು. ಅನಗೋಳ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರುವಾರ ಖಾನಾಪುರದ ಬಸ್ಸು ಹತ್ತಿದೆ.

ವೈಶಾಲಿ ಒಂದು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ನನ್ನ ಗುರುತು ಹಿಡಿದು ಎದ್ದು ನಿಂತಳು. "ಯಾ ಸರ," ಎಂದು ಮರಾಠಿಯಲ್ಲಿ ಕರೆದು, "ಬರ್ರಿ, ಕುಂದರ್ರಿ," ಎಂದಳು. ದೂರಶಿಕ್ಷಣದಲ್ಲಿ ಬಿಕಾಂ ಮುಗಿಸಿದ್ದಳು. ಫಾರ್ಮು ತಂದುಕೊಟ್ಟವರು, ವರ್ಷಾ ವರ್ಷಾ ಬಂದು ಪುಸ್ತಕ ಕೊಟ್ಟವರು ಅಕ್ಕಾರೇ.

"ಅಕ್ಕಾರು ಎಲ್ಲಾ ಹೇಳಿದ್ರು ಸರ. ಆವತ್ತ ನಿಮಗ ಭಾಳ ತ್ರಾಸ ಆಗಿ ದವಾಖಾನ್ಯಾಗ ಇದ್ರಂತ. ಇಲ್ಲಂದ್ರ ನೀವು ಖರೇನ ಸಹಿ ಮಾಡತಿದ್ರಂತ." ನನ್ನ ಮುಖವನ್ನೇ ನೋಡುತ್ತ ಕಾಳಜಿಯಿಂದ ಕೇಳಿದಳು. "ಈಗ ಆರಾಮ ಅದೀರೇನ್ರಿ?"

ನಡೆದದ್ದನ್ನು ಹೇಳಿಬಿಡಬೇಕೆಂದೇ ಅಷ್ಟು ದೂರ ಹೋಗಿದ್ದೆ.

"ಹೂಂ," ಎಂದೆ. "ಆರಾಮ ಅದೀನಿ."