ಎರಡು ಗಂಟೆ ಆಫ್ ಆಗಬಾರದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಇಪ್ಪತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆಫ್ ಆಗುತ್ತಿತ್ತು. ನನ್ನ ಪರೀಕ್ಷೆ ಎರಡು ಗಂಟೆಯದು. ಆ ವಾರವೆಲ್ಲ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಇಲವಾಲದ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಬೇಕಾಗಿದ್ದರು. ಪರೀಕ್ಷೆಯನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಕ್ಯಾಮೆರಾ ಆನ್ ಇರಬೇಕು, ಮೊಬೈಲಿನಲ್ಲಿ ಬರೆಯುವಂತಿಲ್ಲ, ನಡುವೆ ಕಂಪ್ಯೂಟರ್ ನಿಂತರೆ ಅಲ್ಲಿಗೆ ಮುಗಿಯಿತು. ಯಾರದಾದರೂ ಲ್ಯಾಪ್‌ಟಾಪ್ ಕೇಳಿ ತರಬಹುದಿತ್ತು. ಕೇಳಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ಬಿಸಿಎ. ಕಂಪ್ಯೂಟರ್ ಓದಿದವಳ ಮನೆಯ ಕಂಪ್ಯೂಟರೇ ಕೆಟ್ಟು ಕೂತಿದೆ ಎಂದು ಬೀದಿಯಲ್ಲಿ ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಮೂರು ವರ್ಷದ ಬಿಸಿಎಯಲ್ಲಿ ಒಂದು ಸಲವೂ ನಾನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿರಲಿಲ್ಲ. ಒಳಗಿನ ಭಾಗಗಳ ಚಿತ್ರ ಬರೆದು, ಬಾಣದ ಗುರುತು ಹಾಕಿ, ಅಂಕ ತೆಗೆದಿದ್ದೆ. ಈಗ ಸ್ಕ್ರೂಡ್ರೈವರ್ ಹಿಡಿದು ವಿಡಿಯೊ ನೋಡುತ್ತಾ ಕೂತೆ. ಮೊದಲು ರ‍್ಯಾಮ್ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಎರಡು ಬದಿಯೂ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಇಪ್ಪತ್ತು ನಿಮಿಷಕ್ಕೆ ಆಫ್. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಐದು ನಿಮಿಷ ತೆಗೆದುಕೊಂಡು ಎದ್ದೇಳುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ಎದ್ದಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಆಫ್.

"ಬಿರ್ರನೆ ಬತ್ತದೆ, ಬಿರ್ರನೆ ಓಯ್ತದೆ," ಅಂದಳು ಅವ್ವ. "ಥೇಟ್ ನಿನ್ ಸೋದರಮಾವನೇ ಕಣೇ."

ಅವ್ವ ಕಂಪ್ಯೂಟರ್ ಇರುವ ನಡುಮನೆಯ ಇನ್ನೊಂದು ಮೂಲೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಾಳೆ, ನಾನು ಹುಟ್ಟುವ ಮೊದಲಿನಿಂದಲೂ. ಮುಂದೆ ಮಣೆ, ಪಕ್ಕದಲ್ಲಿ ಬಿದಿರುಕಡ್ಡಿಯ ಕಟ್ಟು, ಇದ್ದಿಲ ಪುಡಿಗೆ ಜಿಗಟು ಪುಡಿ ಬೆರೆಸಿ ನೀರಲ್ಲಿ ಕಲಸಿದ ಕರಿ ಹಿಟ್ಟು. ಮೇಟಗಳ್ಳಿಯ ನಮ್ಮ ಮನೆಗೆ ಇರುವುದು ಆ ನಡುಮನೆ, ಒಂದು ಅಡಿಗೆಮನೆ. ಕಂಪ್ಯೂಟರ್ ಮತ್ತು ಮಣೆ ಇಷ್ಟು ವರ್ಷ ಎದುರುಬದುರಾಗಿ ಬಾಳಿದ್ದವು. ಅದರಲ್ಲೇನೋ ತೊಂದರೆ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ ಅಗ್ರಹಾರದ ಒಂದು ರಿಪೇರಿ ಅಂಗಡಿಗೆ ಹೋಗಿ, ಆಫ್ ಆಗುವುದನ್ನೂ ಇಲ್ಲಿಯವರೆಗೆ ಮಾಡಿದ್ದನ್ನೂ ಹೇಳಿದೆ. ಅಂಗಡಿಯವರು ತಲೆ ಎತ್ತದೆ, "ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಸಿಪಿಯು ಕೊಟ್ಟು ಕಳಿಸಮ್ಮ," ಅಂದರು.

"ನಾನೇ ಬಿಚ್ಚಿದೀನಿ ಸಾರ್. ಏನು ಕೇಳ್ಬೇಕೋ ನನ್ನೇ ಕೇಳಿ."

ಆಗ ತಲೆ ಎತ್ತಿದರು. "ಪ್ರೊಸೆಸರ್ ಮೇಲೆ ಫ್ಯಾನ್ ಇರ್ತದಲ್ಲ, ಅದನ್ನ ತೆಗೆದು ನೋಡಿದ್ರಾ?"

"ಇಲ್ಲ."

"ಅದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದೀರಿ. ಕಾವು ತಡೀದೆ ಆಫ್ ಆಗ್ತಿದೆ ಕಣ್ರೀ. ಫ್ಯಾನ್ ಕೆಳಗಿನ ಧೂಳು ತೆಗೀರಿ, ಪ್ರೊಸೆಸರ್ ಮೇಲೆ ಕಾವು ಎಳೆಯೋ ಈ ಪೇಸ್ಟ್ ಹಾಕಿ. ಒಂದು ತೊಗರಿಬೇಳೆಯಷ್ಟು ಸಾಕು. ದೋಸೆಗೆ ಬೆಣ್ಣೆ ಬಳಿದಂಗೆ ಬಳೀಬೇಡಿ."

ಮನೆಗೆ ಬಂದು ಫ್ಯಾನ್ ಬಿಚ್ಚಿದೆ. ಅದರ ಕೆಳಗೆ ಕಾವು ಹೀರುವ ಅಲ್ಯೂಮಿನಿಯಮ್ ತುಂಡು, ಬಾಚಣಿಗೆಯಂತೆ ಸಾಲು ಸಾಲು ತೆಳು ರೆಕ್ಕೆಗಳು ಇರಬೇಕಾಗಿತ್ತು. ರೆಕ್ಕೆಯೇ ಕಾಣಲಿಲ್ಲ. ಕರಿ ಕಂಬಳಿ ಹೊದಿಸಿದಂತೆ ಪುಡಿ ಕೂತಿತ್ತು. ಮೇಲಿನ ಪದರ ಕೈಯಲ್ಲೇ ಬಂತು, ರೆಕ್ಕೆಗಳ ಸಂದಿಯದು ಬರಲಿಲ್ಲ. ಆ ತುಂಡನ್ನೇ ಕಳಚಿ ಹೊರತೆಗೆದು, ಒದ್ದೆ ಬಟ್ಟೆ ತಂದು ತಿಕ್ಕಿದೆ.

ಹತ್ತು ನಿಮಿಷದಲ್ಲಿ ಪುಡಿಯೆಲ್ಲ ಗೋಂದಾಯಿತು. ಬಟ್ಟೆ ಅಂಟಿತು, ಬೆರಳು ಅಂಟಿತು, ಸಂದಿಗಳೆಲ್ಲ ಮೆತ್ತಿಕೊಂಡು ಮುಚ್ಚಿಹೋದವು. ಅವ್ವ ಎದ್ದು ಬಂದು ಇಣುಕಿದಳು.

"ಅಯ್ಯೋ, ಜಿಗಟಿಗೆ ನೀರು ಆಕ್ಬುಟ್ಯಲ್ಲೇ! ಅಂಬೆಗಾಲಿಕ್ಕೋ ಕಾಲದಿಂದ ನೋಡಿದೀಯ. ನೀರು ಬಿದ್ರೆ ಏನಾಯ್ತದೆ ಅಂತ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು. "ನಿನ್ನ ಪುಡಿಯಿಂದಾನೇ ಇದೆಲ್ಲ ಆಗಿರೋದು. ಹತ್ತಡಿ ಆಚೆ ಕೂತ್ಕೊಳಕ್ಕೆ ಆಗಲ್ವಾ?"

"ಹತ್ತಡಿ ಆಚೆ ಓದ್ರೆ ಪಕ್ಕದ್ಮನೆಯೋರ ಅಡಿಗೆಮನೆ ಕಣವ್ವ. ಅಲ್ಲೇ ಕೂತ್ಕಳ್ಳಾ?"

ನಾನು ಚಾಕು ತಂದು ಕೆರೆಯಲು ಹೊರಟೆ. ಅವಳು ಕೈಯಿಂದ ಕಿತ್ತುಕೊಂಡಳು. "ಒದ್ದೇಲಿ ಕೆರುದ್ರೆ ಇನ್ನೂ ಒಳೀಕೆ ಓಯ್ತದೆ. ಮಣೆ ನಾನು ಎಂಗೆ ಕಿಲೀನ್ ಮಾಡ್ತೀನಿ? ಬಿಸಿಲಿಗೆ ಮಡಗು. ಒಣಗ್ಲಿ."

ತಾರಸಿಯ ಮೇಲೆ ಅವಳ ಬತ್ತಿಗಳ ಪಕ್ಕದಲ್ಲೇ ನನ್ನ ಅಲ್ಯೂಮಿನಿಯಮ್ ತುಂಡೂ ಒಣಗಲು ಕೂತಿತು. ಮೋಡ ಬಂತು. ಹೋಯಿತು. ಮತ್ತೆ ಬಂತು. ಓದಲು ಪುಸ್ತಕ ತೆರೆದರೆ ಅದೇ ಪುಟ. ಎದ್ದು ಮೆಟ್ಟಿಲು ಹತ್ತುವುದು, ಮುಟ್ಟುವುದು, ಇಳಿಯುವುದು. ಎಷ್ಟು ಸಲವೋ. ಕೊನೆಗೆ ಕೆಳಗಿಂದ ಅವ್ವನ ಕೂಗು: "ಬೆರಳು ಆಕ್ಬೇಡ ಕಣೇ! ನಿನ್ ಕೈ ಬೆವರಿಗೇ ಅದು ಒಣಗ್ತಾ ಇಲ್ಲ."

ಮಾರನೆಯ ದಿನ ಮಧ್ಯಾಹ್ನಕ್ಕೆ ಒಣಗಿತು. ಅವ್ವ ತನ್ನ ಕಟ್ಟಿನಿಂದ ಒಂದು ಹಿಡಿ ಬಿದಿರುಕಡ್ಡಿ ಎಳೆದು ನನ್ನ ಮುಂದೆ ಹಾಕಿದಳು. ರೆಕ್ಕೆಯ ಸಂದಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕಡ್ಡಿ ಇಳಿಯಿತು. ಮೆಲ್ಲಗೆ ತಳ್ಳಿದರೆ ಒಣಗಿದ ಜಿಗಟು ಚಕ್ಕೆಚಕ್ಕೆಯಾಗಿ ಉದುರಿತು. ಇಬ್ಬರೂ ಎದುರುಬದುರು ಕೂತು ತೆಗೆದೆವು. ಅವಳ ಕೈ ನನ್ನದಕ್ಕಿಂತ ಚುರುಕು. ಪ್ರೊಸೆಸರಿನ ಮೇಲೆ ಸುಣ್ಣದಂತೆ ಗಟ್ಟಿಯಾಗಿದ್ದ ಹಳೆ ಪೇಸ್ಟನ್ನು ಒಣಬಟ್ಟೆಯಲ್ಲಿ ಒರೆಸಿ, ಹೊಸದನ್ನು ತೊಗರಿಬೇಳೆಯಷ್ಟೇ ಇಟ್ಟು, ಅಲ್ಯೂಮಿನಿಯಮ್ ತುಂಡನ್ನೂ ಫ್ಯಾನನ್ನೂ ಮೇಲಿಟ್ಟು, ನಾಲ್ಕು ಮೂಲೆಯನ್ನೂ ಓರೆಯಾಗಿ ಎದುರುಬದುರು ಒತ್ತಿ ಕೂರಿಸಿದೆ.

ಇಪ್ಪತ್ತು ನಿಮಿಷ ಕಳೆಯಿತು. ಆಫ್ ಆಗಲಿಲ್ಲ. ಆದರೆ ನನಗೆ ಸಮಾಧಾನವಿಲ್ಲ. ಅರ್ಧ ಗಂಟೆಗೊಮ್ಮೆ ನಾನೇ ಆಫ್ ಮಾಡಿ, ತಗಡು ತೆಗೆದು, ಮುಟ್ಟಿ ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ ಅವ್ವನಿಗೆ ಸಾಕಾಯಿತು. "ನೀನು ಓಡಕ್ಕೆ ಬುಟ್ರೆ ತಾನೆ ಅದು ಓಡೋದು?" ಹೀಗಾಗಿ ಎರಡು ಗಂಟೆ ಓಡುತ್ತದೋ ಇಲ್ಲವೋ ಎಂಬುದು ಪರೀಕ್ಷೆಯ ಬೆಳಿಗ್ಗೆಯವರೆಗೂ ನನಗೆ ತಿಳಿಯಲೇ ಇಲ್ಲ.

ಆ ಬೆಳಿಗ್ಗೆ ಅವ್ವ ಮಣೆ, ಹಿಟ್ಟು, ಕಡ್ಡಿ ಎಲ್ಲ ಎತ್ತಿಕೊಂಡು ಹೊರಗೆ ಜಗಲಿಗೆ ಹೋದಳು. ನಾನು ಬಾಗಿಲು ಹಾಕಿ, ಕ್ಯಾಮೆರಾಕ್ಕೆ ಕೋಣೆಯ ನಾಲ್ಕು ಗೋಡೆ ತೋರಿಸಿದೆ. ಸಿಪಿಯು ಮೇಜಿನ ಕೆಳಗೆ, ಪಕ್ಕದ ತಗಡು ತೆಗೆದೇ ಇತ್ತು, ಅದರೊಳಕ್ಕೆ ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದೆ. ಮೊದಲ ಹತ್ತು ಪ್ರಶ್ನೆ ಸರಾಗವಾಗಿ ಹೋದವು. ಹದಿನೆಂಟನೆಯ ನಿಮಿಷಕ್ಕೆ ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಪರದೆಯ ಮೇಲೆ ಕೆಂಪು ಅಕ್ಷರ: ಅತ್ತಿತ್ತ ನೋಡಬೇಡಿ, ಮೊದಲ ಎಚ್ಚರಿಕೆ. ನಲವತ್ತನೆಯ ನಿಮಿಷಕ್ಕೆ ಒಳಗಿನ ಫ್ಯಾನಿನ ಸದ್ದು ಸ್ವಲ್ಪ ಏರಿದಂತಾಯಿತು. ಬಗ್ಗಿದೆ. ಎರಡನೆಯ ಎಚ್ಚರಿಕೆ. ಮೂರಾದರೆ ಪರೀಕ್ಷೆ ಮುಗಿದಂತೆ.

ಕಂಪ್ಯೂಟರ್ ಸರಿಯಾಗಿಯೇ ಓಡುತ್ತಿತ್ತು. ಈಗ ಕೆಟ್ಟು ಕೂತವಳು ನಾನು. ಪರದೆ ನೋಡಬೇಕು, ಯಂತ್ರ ನೋಡಬಾರದು. ನೋಡದೆ ನನಗೆ ಕೂರಲಿಕ್ಕೆ ಆಗದು. ಆಗ ಮೇಜಿನ ಕೆಳಗೆ ಬಲಗಾಲು ಚಾಚಿ, ಹೆಬ್ಬೆರಳನ್ನು ಸಿಪಿಯು ಡಬ್ಬಿಯ ಮುಂದಿನ ಅಂಚಿಗೆ ಒತ್ತಿಟ್ಟೆ. ಒಳಗಿನ ಫ್ಯಾನಿನ ಸಣ್ಣ ಅದುರಾಟ ಬೆರಳಿಗೆ ಸಿಕ್ಕಿತು. ಅದು ಇರುವವರೆಗೆ ಬರೆಯುವುದು. ಉಳಿದ ಒಂದು ಗಂಟೆ ಇಪ್ಪತ್ತು ನಿಮಿಷವನ್ನು ನಾನು ಹಾಗೆಯೇ ಬರೆದೆ. ಪ್ರಶ್ನೆಗಳು ಒಂದೂ ಈಗ ನೆನಪಿಲ್ಲ.

ಸಬ್ಮಿಟ್ ಒತ್ತಿದ ಮೇಲೂ ಕಾಲು ತೆಗೆಯಲಿಲ್ಲ. ಬಾಗಿಲು ತಟ್ಟುವ ಸದ್ದು.

"ಆಫ್ ಆಯ್ತೇನೆ?"

"ಇಲ್ಲ ಕಣವ್ವ."

"ಅಂಗಾರೆ ತೆಗಿ ಬಾಗ್ಲ. ಕಾಲು ಜೋಮು ಇಡಕೊಂಡದೆ."

ಕೆಲಸ ಸಿಕ್ಕಿತು. ಅವ್ವನ ಮಣೆ ಮತ್ತೆ ಅದೇ ಮೂಲೆಗೆ ಬಂತು, ಬೇರೆ ಜಾಗ ಇಲ್ಲವಲ್ಲ. ತಿಂಗಳಿಗೊಮ್ಮೆ ಅವಳ ಕಟ್ಟಿನಿಂದ ನಾಲ್ಕು ಕಡ್ಡಿ ತೆಗೆದು ರೆಕ್ಕೆಗಳನ್ನು ಬಿಡಿಸುತ್ತೇನೆ, ನೀರು ಹತ್ತಿರಕ್ಕೂ ತರುವುದಿಲ್ಲ. ಲ್ಯಾಬಿನ ಕಂಪ್ಯೂಟರುಗಳೆಲ್ಲ ಹೊಸವು, ಸದ್ದೇ ಮಾಡುವುದಿಲ್ಲ. ಆದರೂ ಪಾಠ ಮಾಡುತ್ತಾ ಕುರ್ಚಿಯಲ್ಲಿ ಕೂತರೆ ಐದು ನಿಮಿಷದಲ್ಲಿ ಬಲಗಾಲಿನ ಚಪ್ಪಲಿ ಕಳಚಿರುತ್ತದೆ. ಹೆಬ್ಬೆರಳು ಮೇಜಿನ ಕೆಳಗೆ ಡಬ್ಬಿ ಹುಡುಕುತ್ತಿರುತ್ತದೆ.